ಇಂಗ್ಲೆಂಡಲ್ಲಿ ನರಿ ಬೇಟೆ ಬ್ಯಾನ್ ಆಗಿ ಇಪ್ಪತ್ತು ವರ್ಷ ಅಂತಾರೆ, ಹಾಗಾದ್ರೆ ಬಾಕ್ಸಿಂಗ್ ಡೇ ದಿನ ನಮ್ಮ ಹಿತ್ತಲಲ್ಲಿ ನಾನು ನೋಡಿದ್ದೇನು?

ಲೆಸ್ಟರ್_ಮಂಜ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಟೀ ಹಿಡ್ಕೊಂಡು ಓದಿ.

ನಾವು ಲೆಸ್ಟರ್ ಸಿಟಿಯಲ್ಲಿ ಏಳು ವರ್ಷ ಇದ್ದು ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ ಎರಡು ವರ್ಷದ ಹಿಂದೆ ಮೆಲ್ಟನ್ ಮೋಬ್ರೆ ಕಡೆ ಒಂದು ಹಳ್ಳೀಲಿ ಮನೆ ತಗೊಂಡ್ವಿ. ಊರು ಅಂದ್ರೆ ಒಂದು ಚರ್ಚು, ಒಂದು ಪಬ್ಬು, ಎಪ್ಪತ್ತು ಎಂಬತ್ತು ಮನೆ ಅಷ್ಟೇ. ಇಡೀ ಊರಿಗೆ ನಮ್ದೊಂದೇ ಇಂಡಿಯನ್ ಮನೆ, ಆದ್ರೆ ಜನ ಚೆನ್ನಾಗಿದಾರೆ, ಪಕ್ಕದ ಜಮೀನಿನ ರೈತ ಪ್ರತಿ ಶನಿವಾರ ಒಂದು ಡಜನ್ ಮೊಟ್ಟೆ ತಂದು ಕೊಡ್ತಾನೆ, ನನ್ನ ಹೆಂಡತಿ ಬದಲಿಗೆ ಚಕ್ಲಿ ಕೊಡ್ತಾಳೆ, ಹಿಂಗೆ ನಡೀತಿದೆ.

ಡಿಸೆಂಬರ್ 26ಕ್ಕೆ, ಅದೇ ಬಾಕ್ಸಿಂಗ್ ಡೇ ದಿನ, ಪಬ್ ಮುಂದೆ ಹಂಟ್ (ಕುದುರೆ ಏರಿ ನಾಯಿ ಬಿಟ್ಕೊಂಡು ಬೇಟೆಗೆ ಹೋಗೋ ತಂಡ) ಸೇರುತ್ತೆ ಬನ್ನಿ ಅಂತ ಅವನೇ ಕರೆದ. ಹೋದ್ವಿ. ನೋಡೋಕೆ ಜಾತ್ರೆ ಥರಾನೇ ಇತ್ತು, ಸುಳ್ಳು ಹೇಳಲ್ಲ. ಮೂವತ್ತು ನಲವತ್ತು ಕುದುರೆ, ಮೈಯಿಂದ ಹೊಗೆ ಏಳ್ತಿದೆ ಚಳಿಗೆ, ಕೆಂಪು ಕೋಟು ಹಾಕಿರೋರು, ಕಪ್ಪು ಕೋಟು ಹಾಕಿರೋರು, ಕುದುರೆ ಮೇಲೆ ಕೂತವರಿಗೆ ಕೆಳಗಿಂದ ಟ್ರೇನಲ್ಲಿ ಸಣ್ಣ ಸಣ್ಣ ಗ್ಲಾಸಲ್ಲಿ ಪೋರ್ಟ್ ವೈನ್ ಕೊಡ್ತಿದ್ರು. ನಾಯಿಗಳಂತೂ ಮಕ್ಕಳ ಮುಖ ಎಲ್ಲಾ ನೆಕ್ಕಿ ಬಾಲ ಆಡಿಸ್ಕೊಂಡು ಓಡಾಡ್ತಿದ್ವು. ನಾಯಿ ಅಂದಿದ್ದಕ್ಕೆ ಒಬ್ಬ ಅಜ್ಜ ನನ್ನ ತಿದ್ದಿದ, ಡಾಗ್ಸ್ ಅನ್ಬಾರ್ದಂತೆ ಹೌಂಡ್ಸ್ ಅನ್ಬೇಕಂತೆ, ಎಣಿಸೋದೂ ಜೋಡಿ ಲೆಕ್ಕದಲ್ಲಂತೆ, ಹದಿನೆಂಟೂವರೆ ಜೋಡಿ ಅಂದ್ರೆ 37. ನಾನು ಕೇಳ್ದೆ ಇದು ಬ್ಯಾನ್ ಆಗಿದೆ ಅಲ್ವಾ ಅಂತ. ಅಜ್ಜ ನಕ್ಕು, ಈಗ ನರಿ ಹಿಂದೆ ಹೋಗಲ್ಲಪ್ಪ, ಯಾರೋ ಒಬ್ಬ ಮುಂಚೆನೇ ವಾಸನೆ ಬಟ್ಟೆ ಎಳ್ಕೊಂಡು ಹೋಗಿರ್ತಾನೆ, ಹೌಂಡ್ಸ್ ಆ ದಾರಿ ಹಿಡೀತಾವೆ, ಟ್ರೇಲ್ ಹಂಟಿಂಗ್ ಅಂತ, ಪೂರ್ತಿ ಕಾನೂನು ಪ್ರಕಾರ ಅಂದ. ಸರಿ ಅನ್ಕೊಂಡು ಮನೆಗೆ ಬಂದ್ವಿ.

ಮಧ್ಯಾಹ್ನ ಒಂದೂವರೆ ಇರ್ಬೇಕು, ನಾನು ಅಡುಗೆಮನೆ ಕಿಟಕೀಲಿ ಪಾತ್ರೆ ತೊಳೀತಿದ್ದೆ. ಹಿತ್ತಲ ಬೇಲಿ ಆಚೆ ಗದ್ದೇಲಿ ಒಂದು ನರಿ ಬಂತು. ಓಡ್ತಿರಲಿಲ್ಲ, ಬೇಗ ಬೇಗ ನಡೀತಿತ್ತು ಅಷ್ಟೆ, ಹೊಟ್ಟೆ ಕೆಳಗೆಲ್ಲ ಕೆಸರು ಮೆತ್ತಿ ಬಾಲ ನೆನೆದು ಭಾರ ಆಗಿ ಕೆಳಗೆ ಜೋತು ಬಿದ್ದಿತ್ತು, ಬಾಯಿ ತೆರೆದಿತ್ತು. ನಮ್ಮ ಬೇಲಿ ಹತ್ರ ಬಂದು ನಿಂತು ಹಿಂದಕ್ಕೆ ತಿರುಗಿ ನೋಡ್ತು. ಆಮೇಲೆ ಬೇಲಿ ಸಂದೀಲಿ ನುಗ್ಗಿ ನಮ್ಮ ಕಾಂಪೋಸ್ಟ್ ಡಬ್ಬದ ಹಿಂದಿಂದ ರಸ್ತೆ ಕಡೆ ಹೋಯ್ತು. ಅಷ್ಟೆ. ಹತ್ತು ನಿಮಿಷಕ್ಕೆ ಹೌಂಡ್ಸ್ ಬಂದ್ವು. ನರಿ ಎಲ್ಲಿ ನಿಂತಿತ್ತೋ ಅಲ್ಲೇ ನಿಂತು ಮೂಸಿ, ಅದೇ ಸಂದೀಲಿ ಒಂದರ ಹಿಂದೆ ಒಂದು ನುಗ್ಗಿ, ಅದೇ ಕಾಂಪೋಸ್ಟ್ ಡಬ್ಬದ ಹಿಂದಿಂದ. ನನ್ನ ಕೋಸಿನ ಪಾತಿ ಚಟ್ನಿ ಆಯ್ತು. ಗ್ರೀನ್‌ಹೌಸ್‌ನಲ್ಲಿ ಚಳಿಗೆ ಸಾಯಬಾರ್ದು ಅಂತ ಇಟ್ಟಿದ್ದ ತುಳಸಿ ಕುಂಡ ಉರುಳಿ ಒಡೀತು. ಕುದುರೆ ಮೇಲಿಂದ ಒಬ್ಬರು ಹೆಂಗಸು ಸಾರಿ ಸಾರಿ ಅಂತ ಹತ್ತು ಸಲ ಹೇಳಿದ್ರು, ಮಾರನೇ ದಿನ ಯಾರೋ ಬಂದು ಒಂದು ವೈನ್ ಬಾಟಲಿ ಕೊಟ್ಟು ಹೋದ್ರು. ನಾವು ಮನೇಲಿ ಯಾರೂ ಕುಡಿಯಲ್ಲ, ಅದು ಬೇರೆ ಮಾತು.

ಈಗ ಪ್ರಶ್ನೆ. ಒಂದು, ಇದು ಬ್ಯಾನ್ ಆಗಿದೆಯೋ ಇಲ್ವೋ? ಎರಡು, ನನ್ನ ಮಗಳು ಇಯರ್ ನೈನು, ಸ್ಕೂಲಲ್ಲಿ ಇದೇ ವಿಷಯಕ್ಕೆ ಡಿಬೇಟ್ ಇಟ್ಟಿದ್ದಾರೆ, ಚೀಟಿ ಎತ್ತಿದ್ರಲ್ಲಿ ಅವಳಿಗೆ ಬಂದಿರೋದು ಬೇಟೆ ಇರ್ಬೇಕು ಅನ್ನೋ ಪಕ್ಷ. ಆ ನರಿನ ಅವಳೂ ಮಹಡಿ ಕಿಟಕಿಯಿಂದ ನೋಡಿದಾಳೆ. ರಾತ್ರಿ ಅಳ್ತಾ ಕೂತಿದ್ಲು. ಬೇಟೆ ಪರವಾಗಿ ನ್ಯಾಯವಾಗಿ ಹೇಳೋಕೆ ಏನಾದ್ರೂ ಇದ್ರೆ ಹೇಳ್ರಪ್ಪ.

ಬೆಂಗ್ಳೂರ್_ಸಿಲ್ಕ್‌ಬೋರ್ಡ್:

ಇಲ್ಲಿ ಮನುಷ್ಯರನ್ನೇ ಬೀದಿ ನಾಯಿ ಅಟ್ಟಿಸ್ಕೊಂಡು ಬರ್ತಾವೆ, ಅದಕ್ಕೊಂದು ಆಕ್ಟ್ ಮಾಡ್ಸಿ ಮೊದ್ಲು 😂

ಹಳೇ_ಬ್ರಿಸ್ಟಲಿಗ:

ಮಂಜು ಅವ್ರೇ, ನಾನು ಈ ದೇಶಕ್ಕೆ ಬಂದಿದ್ದು 2001ರಲ್ಲಿ, ಈ ಗಲಾಟೆ ಪೂರ್ತಿ ಕಣ್ಣಾರೆ ನೋಡಿದವನು. ಬ್ಯಾನ್ ಆಗಿದೆ. ಹಂಟಿಂಗ್ ಆಕ್ಟ್ 2004 ಅಂತ, ಜಾರಿಗೆ ಬಂದಿದ್ದು 2005 ಫೆಬ್ರವರಿ 18. ನಾಯಿ ಬಿಟ್ಟು ಕಾಡುಪ್ರಾಣಿ ಬೇಟೆ ಆಡೋದು ಇಂಗ್ಲೆಂಡ್ ಮತ್ತೆ ವೇಲ್ಸಲ್ಲಿ ಅಪರಾಧ. ಆದ್ರೆ ಇಲಿಗೆ ಮೊಲಕ್ಕೆ ವಿನಾಯಿತಿ, ಎರಡು ನಾಯಿ ಬಿಟ್ಟು ನರಿನ ಪೊದೆಯಿಂದ ಎಬ್ಬಿಸಿ ಗುಂಡು ಹೊಡೆಯೋಕೆ ಷರತ್ತಿನ ಮೇಲೆ ವಿನಾಯಿತಿ, ಹದ್ದು ಗಿಡುಗ ಬಿಟ್ಟು ಹಿಡಿಸೋದಕ್ಕೂ ವಿನಾಯಿತಿ. ಶಿಕ್ಷೆ ಏನಪ್ಪಾ ಅಂದ್ರೆ ದಂಡ. ಜೈಲು ಇಲ್ಲವೇ ಇಲ್ಲ.

ಮೇನ್ ತೂತು ಇರೋದು ಬೇರೆ ಕಡೆ. ಬೇಟೆ ಆಡ್ಬೇಕು ಅನ್ನೋ ಉದ್ದೇಶ ಇತ್ತು ಅಂತ ಕೋರ್ಟಲ್ಲಿ ಸಾಬೀತು ಮಾಡ್ಬೇಕು. ನಾವು ವಾಸನೆ ದಾರಿ ಹಾಕಿದ್ವಿ ಸ್ವಾಮಿ, ಮಧ್ಯೆ ನರಿ ಅಡ್ಡ ಬಂತು, ಹೌಂಡ್ಸ್ ಅದರ ಹಿಂದೆ ಹೋದ್ವು, ಆಕ್ಸಿಡೆಂಟು ಅಂದ್ರೆ ಮುಗೀತು. ಚಾಪೆ ಕೆಳಗೆ ತೂರಿದ್ರೆ ರಂಗೋಲಿ ಕೆಳಗೆ ತೂರೋದು ಅಂತಾರಲ್ಲ ಅದೇ. ಇನ್ನೊಂದು ಗಮನಿಸಿ, ಮುಂಚಿಂದಲೂ ಡ್ರ್ಯಾಗ್ ಹಂಟಿಂಗ್ ಅಂತ ಒಂದಿದೆ, ಅದರಲ್ಲಿ ನರಿಗೆ ಸಂಬಂಧನೇ ಇಲ್ಲದ ವಾಸನೆ ಹಾಕ್ತಾರೆ, ಸೋಂಪು ಥರದ್ದು, ದಾರಿ ಎಲ್ಲಿದೆ ಅಂತ ಎಲ್ರಿಗೂ ಮೊದಲೇ ಗೊತ್ತಿರುತ್ತೆ. ಬ್ಲಡ್‌ಹೌಂಡ್ ಬಿಟ್ಟು ಓಡೋ ಮನುಷ್ಯನ್ನೇ ಹುಡುಕಿಸೋ ಆಟಾನೂ ಇದೆ, ಅದು ಯಾರಿಗೂ ತೊಂದ್ರೆ ಇಲ್ಲ. ಟ್ರೇಲ್ ಹಂಟಿಂಗ್ ಹುಟ್ಟಿದ್ದೇ ಬ್ಯಾನ್ ಆದ ಮೇಲೆ, ಅದರಲ್ಲಿ ನರಿ ಉಚ್ಚೆ ವಾಸನೇನೇ ಬಳಸ್ತಾರೆ, ನರಿ ಓಡಾಡೋ ಜಾಗದಲ್ಲೇ ಹಾಕ್ತಾರೆ, ಎಷ್ಟೋ ಸಲ ಹೌಂಡ್ಸ್ ನಡೆಸೋನಿಗೇ ದಾರಿ ಎಲ್ಲಿ ಅಂತ ಹೇಳಿರಲ್ಲ. ನೀವೇ ಯೋಚಿಸಿ ಯಾಕೆ ಅಂತ.

2020ರಲ್ಲಿ ಹಂಟ್ ಮಾಸ್ಟರ್‌ಗಳಿಗೇ ಅಂತ ನಡೆದ ಆನ್‌ಲೈನ್ ಮೀಟಿಂಗ್ ವಿಡಿಯೋ ಲೀಕ್ ಆಯ್ತು. ಅದರಲ್ಲಿ ಒಬ್ಬರು ಟ್ರೇಲ್ ಅನ್ನೋದನ್ನ ಪರದೆ ಥರ ಬಳಸೋಕೆ ಹೇಳಿಕೊಟ್ಟರು ಅಂತ ಕೇಸು, 2021ರಲ್ಲಿ ಶಿಕ್ಷೆ ಆಯ್ತು, 2022ರಲ್ಲಿ ಅಪೀಲಲ್ಲಿ ಖುಲಾಸೆ. ಕಾನೂನಿನ ಪ್ರಕಾರ ಅವರು ನಿರ್ದೋಷಿ, ಅದನ್ನ ಹೇಳ್ಲೇಬೇಕು. ಆದ್ರೆ ಅಷ್ಟರಲ್ಲಿ ನ್ಯಾಷನಲ್ ಟ್ರಸ್ಟ್ (ಹಳೇ ಬಂಗಲೆ, ಜಮೀನು ಕಾಪಾಡೋ ದೊಡ್ಡ ಸಂಸ್ಥೆ) ಸದಸ್ಯರು ಓಟು ಹಾಕಿ, ಟ್ರಸ್ಟ್ ತಮ್ಮ ಜಮೀನಲ್ಲಿ ಟ್ರೇಲ್ ಹಂಟಿಂಗ್‌ಗೆ ಲೈಸೆನ್ಸ್ ಕೊಡೋದೇ ನಿಲ್ಲಿಸ್ತು. ಸ್ಕಾಟ್ಲೆಂಡ್ 2002ರಲ್ಲೇ ಕಾನೂನು ಮಾಡಿ, ತೂತು ಕಂಡ ಮೇಲೆ 2023ರಲ್ಲಿ ಹೊಸದು ತಂದು ಟ್ರೇಲ್ ಹಂಟಿಂಗನ್ನೂ ಸೇರಿಸಿ ಮುಚ್ಚಿತು. ನಾರ್ದರ್ನ್ ಐರ್ಲೆಂಡಲ್ಲಿ ಇವತ್ತಿಗೂ ಬ್ಯಾನ್ ಇಲ್ಲ, 2021ರಲ್ಲಿ ಮಸೂದೆ ಬಿದ್ದು ಹೋಯ್ತು. ಇಲ್ಲಿ ಲೇಬರ್‌ನವರು 2024ರ ಪ್ರಣಾಳಿಕೆಯಲ್ಲಿ ಟ್ರೇಲ್ ಹಂಟಿಂಗ್ ಬ್ಯಾನ್ ಮಾಡ್ತೀವಿ ಅಂದಿದ್ದಾರೆ, ಅದಕ್ಕೇ ಸ್ಕೂಲಲ್ಲೆಲ್ಲ ಡಿಬೇಟು.

ನಿಮ್ಮ ಹತ್ರ ವಿಡಿಯೋ ಇದ್ಯಾ?

ಲೆಸ್ಟರ್_ಮಂಜ:

ಇಲ್ಲ ಸರ್. ಫೋನ್ ಪಕ್ಕದಲ್ಲೇ ಇತ್ತು, ಕೈಯೆಲ್ಲ ಸೋಪು, ಜೊತೆಗೆ ಆ ಪ್ರಾಣಿ ನಿಂತು ಹಿಂದಕ್ಕೆ ನೋಡಿದ್ದು ನೋಡ್ತಾ ನಿಂತುಬಿಟ್ಟೆ.

ಕಾರ್ಕಳದ_ಹುಡುಗ:

ಮಾರಾಯ್ರೆ ನಮ್ಗೆ ಈ ಸಿನಿಮಾ ಗೊತ್ತುಂಟು, ಕಂಬಳದ್ದು ಇದೇ ಕತೆ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ನಿಲ್ಲಿಸಿತು, ಅದರ ಬೆನ್ನಿಗೇ ಕಂಬಳಕ್ಕೂ ಕುತ್ತು ಬಂತು, ಆಮೇಲೆ ಬೀದಿಗೆ ಇಳಿದದ್ದು, ರಾಜ್ಯ ಸರ್ಕಾರ ತಿದ್ದುಪಡಿ ತಂದದ್ದು, ಕೊನೆಗೆ 2023 ಮೇನಲ್ಲಿ ಸುಪ್ರೀಂ ಕೋರ್ಟೇ ಸರಿ ಅಂತ ಹೇಳಿದ್ದು. ಆಗಲೂ ಪೇಟೆಯವರು ಬಂದು ಹಳ್ಳಿಯವರಿಗೆ ಪಾಠ ಮಾಡಿದ್ದೇ ಮಾಡಿದ್ದು. ಇಂಗ್ಲೆಂಡಿನ ಹಳ್ಳಿಯವರಿಗೆ ಉರಿ ಹತ್ತಿದ್ದು ನನಗೆ ಅರ್ಥ ಆಗ್ತದೆ. ಕೆಂಪು ಕೋಟು ಹಾಕಿದವ ಶ್ರೀಮಂತ ಅಂತ ಅವನ ಆಟ ನಿಲ್ಸಿದ್ದಾ, ನರಿ ಮೇಲೆ ಕರುಣೆ ಬಂದು ನಿಲ್ಸಿದ್ದಾ, ಯಾರಾದ್ರೂ ಬಿಡಿಸಿ ಹೇಳಿ.

ಹಳೇ_ಬ್ರಿಸ್ಟಲಿಗ:

@ಕಾರ್ಕಳದ_ಹುಡುಗ ಎರಡೂ ಇತ್ತು, ಸುಳ್ಳಾಡಲ್ಲ. ಹಿಂದೆ ಪ್ರಧಾನಿ ಥ್ಯಾಚರ್ ಗಣಿ ಕಾರ್ಮಿಕರ ಮುಷ್ಕರ ಮುರಿದಿದ್ದಕ್ಕೆ ಇದು ಬಡ್ಡಿ ಸಮೇತ ವಾಪಸ್ಸು ಅಂತ ಪಬ್ಬಲ್ಲಿ ಬಾಯಿಬಿಟ್ಟು ಹೇಳೋರು ಆಗ. 2002 ಸೆಪ್ಟೆಂಬರ್ 22ರಂದು ಲಂಡನ್ನಲ್ಲಿ ಬ್ಯಾನ್ ಬೇಡ ಅಂತ ನಾಲ್ಕು ಲಕ್ಷ ಜನ ಮೆರವಣಿಗೆ ಮಾಡಿದ್ರು. ನಾನು ಆ ಭಾನುವಾರ ಯಾರೋ ಫ್ರೆಂಡ್ ನೋಡೋಕೆ ಲಂಡನ್ನಿಗೆ ಹೋಗಿ ಟ್ಯೂಬಲ್ಲಿ ಸಿಕ್ಕಾಕೊಂಡಿದ್ದೆ, ಡಬ್ಬಿ ತುಂಬ ಟ್ವೀಡ್ ಕೋಟು, ಗಮ್‌ಬೂಟು, ಒಬ್ಬ ಮುದುಕ ರೈತನಂತೂ ಟ್ಯೂಬ್ ಮ್ಯಾಪ್ ತಲೆಕೆಳಗೆ ಹಿಡ್ಕೊಂಡು ನಿಂತಿದ್ದ, ನಾನೇ ದಾರಿ ತೋರಿಸಿದ್ದು. ಪಾಪ ಅವನು ಯಾವ ಆ್ಯಂಗಲ್‌ನಿಂದಲೂ ಶ್ರೀಮಂತ ಅಲ್ಲ. 2004 ಸೆಪ್ಟೆಂಬರ್‌ನಲ್ಲಿ ಬೇಟೆ ಪರದ ಹುಡುಗರು ಪಾರ್ಲಿಮೆಂಟಿನ ಕೆಳಮನೆ, ಕಾಮನ್ಸ್ ಸಭೆ ನಡೀತಿರೋವಾಗಲೇ ಒಳಗೆ ನುಗ್ಗಿದ್ರು. ಮೇಲ್ಮನೆ ಲಾರ್ಡ್ಸ್‌ನವರು ಒಪ್ಪಲೇ ಇಲ್ಲ, ಕೊನೆಗೆ ಪಾರ್ಲಿಮೆಂಟ್ ಆಕ್ಟ್ ಅನ್ನೋ ಬ್ರಹ್ಮಾಸ್ತ್ರ ತೆಗೆದು ಕಾಮನ್ಸ್ ಒಬ್ಬರೇ ಪಾಸ್ ಮಾಡ್ಕೊಂಡ್ರು, ಅದರ ಮೇಲೂ ಕೋರ್ಟಿಗೆ ಹೋಗಿ ಸೋತ್ರು. ಆಗಿನ ಪ್ರಧಾನಿ ಬ್ಲೇರ್ ಆಮೇಲೆ ತನ್ನ ಆತ್ಮಕತೆಯಲ್ಲಿ, ಮಾಡಿದ ಕಾನೂನುಗಳಲ್ಲಿ ಇದಕ್ಕೆ ಬಹಳ ಪಶ್ಚಾತ್ತಾಪ ಆಗಿದೆ ಅಂತ ಬರ್ಕೊಂಡ.

ಆದ್ರೆ ಕಂಬಳಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ ನೋಡಿ. ಕಂಬಳದ ಕೋಣ ಸಂಜೆ ಮನೆಗೆ ಹೋಗುತ್ತೆ, ಎಣ್ಣೆ ಹಚ್ಚಿ ಹುರುಳಿ ತಿನ್ನಿಸ್ತಾರೆ. ಇಲ್ಲಿ ಆಟ ಗೆದ್ರೆ ಪ್ರಾಣಿ ಎರಡು ತುಂಡು. ಬೆಕ್ಕಿಗೆ ಆಟ ಇಲಿಗೆ ಪ್ರಾಣಸಂಕಟ.

ಕಾರ್ಕಳದ_ಹುಡುಗ:

ಅದು ಹೌದು, ಅಲ್ಲಿಗೆ ನಾನು ಸುಮ್ಮನೆ. ಆದ್ರೆ ನಿಮ್ಮ ಟ್ಯೂಬ್ ಮ್ಯಾಪಿನ ಅಜ್ಜನ ಪರವಾಗಿ ಮಾತಾಡುವವರು ಯಾರೂ ಇಲ್ವಾ ಇಲ್ಲಿ?

ದನದ_ಡಾಕ್ಟ್ರು:

ನಾನಿದ್ದೀನಿ, ಅರ್ಧ ಮನಸ್ಸಿಂದ 🙂 ಹೆಬ್ಬಾಳದಲ್ಲಿ ಓದಿ ಈಗ ಹದಿನಾಲ್ಕು ವರ್ಷದಿಂದ ಇಂಗ್ಲೆಂಡಿನ ನೈಋತ್ಯ ಮೂಲೇಲಿ ದನ ಕುರಿ ಪ್ರಾಕ್ಟೀಸ್. ನನ್ನ ಕ್ಲೈಂಟ್‌ಗಳಲ್ಲಿ ಹಂಟಿಗೆ ಹೋಗೋರೂ ಇದಾರೆ, ಹಂಟ್‌ನವರು ಜಮೀನಿಗೆ ಕಾಲಿಟ್ರೆ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸೋರೂ ಇದಾರೆ, ಹಾಗಾಗಿ ಹೆಸರು ಕೇಳ್ಬೇಡಿ.

ಮೊದಲು ಒಂದು ಸಣ್ಣ ವಿಷಯ. ನಮ್ಮ ಕಡೆ ಸುಮ್ನೆ ನರಿ ಅಂದ್ರೆ ಜಾಕಲ್, ರಾತ್ರಿ ಊಳಿಡೋದು. ಇಲ್ಲಿನ ಫಾಕ್ಸ್ ಅದಲ್ಲ, ಕೆಂಚು ಬಣ್ಣ, ದಪ್ಪ ಬಾಲ, ಗುಂಪು ಕಟ್ಟಲ್ಲ. ಮಂಜು ಅವರು ನೋಡಿದ್ದು ಅದು. ಕನ್ನಡದಲ್ಲಿ ಎರಡಕ್ಕೂ ನರಿ ಅಂತೀವಿ, ಸರಿ ಬಿಡಿ.

ಮಗಳಿಗೆ ಹೇಳಿ, ಬೇಟೆ ಪರವಾಗಿ ಮಾತಾಡೋಕೆ ನಾಚ್ಕೋಬೇಕಾಗಿಲ್ಲ. ಬ್ಯಾನ್ ಆಗೋ ಮುಂಚೆ ಸರ್ಕಾರವೇ ಬರ್ನ್ಸ್ ಅನ್ನೋರ ಕೈಲಿ ವಿಚಾರಣೆ ಮಾಡಿಸ್ತು, 2000ದಲ್ಲಿ ವರದಿ ಬಂತು, ಎರಡೂ ಕಡೆಯವರೂ ಅದನ್ನೇ ಹಿಡ್ಕೊಂಡು ಹೊಡೆದಾಡ್ತಾರೆ. ಅದರ ಪ್ರಕಾರ ವರ್ಷಕ್ಕೆ ಸುಮಾರು ನಾಲ್ಕು ಲಕ್ಷ ನರಿ ಸಾಯ್ತಿದ್ವು, ಅದರಲ್ಲಿ ಈ ಹಂಟ್‌ಗಳು ಸಾಯಿಸ್ತಿದ್ದಿದ್ದು 21 ರಿಂದ 25 ಸಾವಿರ. ಉಳಿದವು ಗುಂಡಿಗೆ, ಉರುಲಿಗೆ, ಕಾರಿನ ಚಕ್ರಕ್ಕೆ, ರೋಗಕ್ಕೆ. ಅಂದ್ರೆ ಬೇಟೆ ನಿಂತ್ರೆ ನರಿ ಬದುಕುತ್ತೆ ಅನ್ನೋದು ಸುಳ್ಳು. ರೈತ ರಾತ್ರಿ ಲೈಟ್ ಬಿಟ್ಟು ರೈಫಲ್‌ನಲ್ಲಿ ಹೊಡೀತಾನೆ. ಗುರಿ ಚೆನ್ನಾಗಿದ್ರೆ ಅದಕ್ಕಿಂತ ಒಳ್ಳೆ ಸಾವು ಇಲ್ಲ, ಬರ್ನ್ಸೂ ಹಾಗೇ ಹೇಳಿದ್ರು. ಗುರಿ ತಪ್ಪಿದ್ರೆ? ಒಂದ್ಸಲ ಒಬ್ಬರ ಹುಲ್ಲಿನ ಶೆಡ್ಡಲ್ಲಿ ಹಿಂಗಾಲು ಮುರಿದು ಹುಳ ಬಿದ್ದ ನರಿ ಸಿಕ್ತು, ಶಾಟ್‌ಗನ್ ಚರೆ ತೊಡೇಲಿತ್ತು, ನಾನೇ ಇಂಜೆಕ್ಷನ್ ಕೊಟ್ಟೆ. ಎಷ್ಟು ದಿನ ಹಾಗಿತ್ತೋ. ಹಂಟ್‌ನವರು ಹೇಳೋದು ಇದನ್ನೇ, ಹೌಂಡ್ಸ್ ಹಿಡಿದ್ರೆ ಸಾಯುತ್ತೆ, ಇಲ್ಲಾಂದ್ರೆ ಪೂರ್ತಿ ತಪ್ಪಿಸ್ಕೊಳ್ಳುತ್ತೆ, ಅರೆಬರೆ ಅನ್ನೋದಿಲ್ಲ ಅಂತ. ಇದು ಅವರ ಗಟ್ಟಿ ಪಾಯಿಂಟು.

ಇನ್ನೊಂದು ಯಾರೂ ಹೇಳದ್ದು. ರೈತನ ಕರು ಸತ್ರೆ ಹೂಳೋ ಹಾಗಿಲ್ಲ ಇಲ್ಲಿ, ಕಾನೂನು. ದುಡ್ಡು ಕೊಟ್ಟು ಎತ್ತಿಸ್ಬೇಕು. ತಲೆತಲಾಂತರದಿಂದ ಆ ಕೆಲಸ ಮಾಡ್ತಿರೋದು ಹೌಂಡ್ಸ್ ಸಾಕೋ ಹಂಟ್ ಕೆನಲ್‌ನವರು. ಫೋನ್ ಮಾಡಿದ್ರೆ ಬಂದು ಎತ್ಕೊಂಡು ಹೋಗ್ತಾರೆ, ಅಲ್ಲೇ ಚರ್ಮ ಸುಲಿದು ಹೌಂಡ್ಸ್‌ಗೆ ಹಾಕ್ತಾರೆ. ನಡೆಯೋಕಾಗದ ಹಸುನ ಭಾನುವಾರ ರಾತ್ರಿ ಹತ್ತು ಗಂಟೆಗೆ ಬಂದು ನೋವಿಲ್ಲದೆ ಮುಗಿಸಿ ಕೊಡೋನು ಕೂಡ ಎಷ್ಟೋ ಕಡೆ ಆ ಕೆನಲ್ ಮನುಷ್ಯನೇ. ಆ ರೈತನ ಹತ್ರ ಹೋಗಿ ನರಿ ಕರುಣೆ ಬಗ್ಗೆ ಭಾಷಣ ಮಾಡಿದ್ರೆ ಅವನು ನಿಮ್ಮ ಮುಖ ನೋಡ್ತಾನೆ ಅಷ್ಟೆ. ಕೆಲಸದ ಲೆಕ್ಕಾನೂ ಬರ್ನ್ಸ್ ಕೊಟ್ಟಿದ್ರು, ಬೇಟೆ ನಂಬ್ಕೊಂಡು ಆರರಿಂದ ಎಂಟು ಸಾವಿರ ಫುಲ್‌ಟೈಮ್ ಕೆಲಸ.

ಇಷ್ಟು ಹೇಳಿ ನನ್ನ ಇನ್ನರ್ಧ ಮನಸ್ಸು ಹೇಳದೆ ಇದ್ರೆ ತಪ್ಪಾಗುತ್ತೆ. ನರಿ ಕಾಟ ತಡೆಯೋಕೆ ಬೇಟೆ ಅಂತಾರಲ್ಲ, ಅದು ಶುದ್ಧ ಬೊಗಳೆ. ನರಿ ಇರ್ಲಿ ಅಂತಾನೇ ಹಂಟ್‌ನವರು ಪೊದೆ ತೋಪು ಬೆಳೆಸಿ ಕಾಪಾಡಿದಾರೆ, ಕವರ್ಟ್ ಅಂತಾರೆ, ಮೆಲ್ಟನ್ ಸುತ್ತ ಮುತ್ತ ಹುಲ್ಲುಗಾವಲ ಮಧ್ಯೆ ಒಂಟಿಯಾಗಿ ನಿಂತಿರೋ ಸಣ್ಣ ತೋಪುಗಳನ್ನ ಗಮನಿಸಿ, ಎಷ್ಟೋ ಅದಕ್ಕೇ ನೆಟ್ಟಿದ್ದು. ನರಿಗೆ ಅಂತಲೇ ಕೈಯಾರೆ ಬಿಲ ಕಟ್ಟಿಸಿದ್ದೂ ಇದೆ. ಯಾರಾದ್ರೂ ಇಲಿ ಕಾಟ ಅಂತ ಇಲಿಗೆ ಮನೆ ಕಟ್ತಾರಾ? 2001ರಲ್ಲಿ ಕಾಲುಬಾಯಿ ಜ್ವರ ಬಂದು ತಿಂಗಳುಗಟ್ಟಲೆ ಬೇಟೆ ಪೂರ್ತಿ ನಿಂತಿತ್ತು, ಆಗ ನರಿ ಸಂಖ್ಯೆ ಏರುತ್ತಾ ಅಂತ ಲೆಕ್ಕ ಹಾಕಿ ನೋಡಿದ್ರು, ಏರ್ಲಿಲ್ಲ. ಆಮೇಲೆ ತಪ್ಪಿಸ್ಕೊಂಡ್ರೆ ಪೂರ್ತಿ ತಪ್ಪಿಸ್ಕೊಳ್ಳುತ್ತೆ ಅಂತಾರಲ್ಲ, ಅದೂ ಅರ್ಧ ಸತ್ಯ. ಬಿಲಕ್ಕೆ ಹೊಕ್ಕರೆ ಟೆರಿಯರ್ ಅನ್ನೋ ಸಣ್ಣ ನಾಯಿ ಒಳಗೆ ಬಿಟ್ಟು ಮೇಲಿಂದ ಅಗೆದು ತೆಗೀತಿದ್ರು. ಓಡಿ ತಪ್ಪಿಸ್ಕೊಂಡು ಮನೆಗೆ ಬಂದ್ರೆ ಮನೇನೇ ಅಗೀತಾರೆ, ಇದ್ಯಾವ ಆಟ? ವಯಸ್ಸಾದ ಹೌಂಡ್‌ಗಳ ಕತೆ ಇನ್ನೊಂದು, ಆರೇಳು ವರ್ಷಕ್ಕೆ ಓಟ ಕಮ್ಮಿ ಆದ್ರೆ ಗುಂಡು. ಪಬ್ ಮುಂದೆ ನಿಮ್ಮ ಮಗಳ ಕೆನ್ನೆ ನೆಕ್ಕಿದವೂ ಅಷ್ಟೆ.

ಕುರಿಹಟ್ಟಿ_ಕೊಪ್ಪಳ:

ಡಾಕ್ಟ್ರ ಭಾಳ ಚಲೋ ಬರದ್ರಿ. ನಮ್ಮದು ಕುರಿ ಮನಿತನ ರೀ, ನಮ್ಮಪ್ಪ ಈಗೂ ಇನ್ನೂರು ಕುರಿ ಹೊಡಕೊಂಡ ಹೊಕ್ಕಾನ. ಇಲ್ಲಿ ತ್ವಾಳ ಅದಾವ, ನರಿ ಅದಾವ, ಮರಿ ಹಾಕೋ ಸೀಸನ್ನಿನ್ಯಾಗ ಒಂದೊಂದ ಸಲ ರಾತ್ರಿ ಎರಡ ಮರಿ ಹೊತಗೊಂಡ ಹೊಕ್ಕಾವ. ಸಿಟ್ಟ ಬರತೈತಿ, ಬರೂದಿಲ್ಲ ಅಂತ ಯಾರ ಹೇಳ್ತಾರ. ಆದ್ರ ನಮ್ಮಪ್ಪ ಅದರ ಪಾಲ ಅದು ಒಯ್ತು ಅಂತಾನ, ಬೈತಾನ, ಮರುದಿನ ಹಟ್ಟಿ ಸುತ್ತಿನ ಬಲಿ ಸರಿ ಮಾಡಿ ಕಟ್ಟತಾನ, ನಾಯಿ ಇನ್ನೊಂದ ತರ್ತಾನ. ಅಟ್ಟಿಸಿಕೊಂಡ ಹೋಗಿ ಹಬ್ಬ ಮಾಡೂದಿಲ್ಲ. ಈಗ ಗಂಗಾವತಿ ಕಡೆ ಬಂಕಾಪುರದಾಗ ತ್ವಾಳಕ್ಕಂತನ ಅಭಯಾರಣ್ಯ ಮಾಡ್ಯಾರ.

ಒಂದ ಪ್ರಶ್ನೆ ಡಾಕ್ಟ್ರ. ಅಲ್ಲಿ ನರಿ ಖರೇನ ಎಷ್ಟ ಮರಿ ಒಯ್ತಾವ್ರಿ?

ದನದ_ಡಾಕ್ಟ್ರು:

ಬರ್ನ್ಸ್ ವರದೀಲಿ ಇರೋ ಪ್ರಕಾರ, ಬದುಕೋ ಲಕ್ಷಣ ಇರೋ ಮರಿಗಳಲ್ಲಿ ಹೆಚ್ಚಿನ ಕಡೆ ನೂರಕ್ಕೆ ಎರಡಕ್ಕಿಂತ ಕಮ್ಮಿ. ಚಳಿ ಮಳೆ, ತಾಯಿ ಹಾಲಿಲ್ಲದೆ, ಹುಟ್ಟುವಾಗ ತೊಂದರೆ ಆಗಿ ಸಾಯೋದರ ಮುಂದೆ ಅದು ಏನೂ ಅಲ್ಲ. ಆದ್ರೆ ನೂರಕ್ಕೆ ಎರಡು ಅಂತ ಹೇಳೋದು ಸುಲಭ, ಬೆಳಿಗ್ಗೆ ಐದಕ್ಕೆ ಎದ್ದು ನಾಲಿಗೆ ಕಿತ್ತ ಮರಿ ನೋಡಿದವನಿಗೆ ಪರ್ಸೆಂಟೇಜ್ ಹೇಳೋಕಾಗಲ್ಲ. ನಿಮ್ಮ ತಂದೆಗೆ ನನ್ನ ನಮಸ್ಕಾರ ಹೇಳಿ.

ನೀಲಗಿರಿ_ಮಗಳು:

ಇದು ಇಂಗ್ಲೆಂಡಲ್ಲಿ ಮಾತ್ರ ನಡೆದಿದ್ದಲ್ಲ. ನಾನು ಹುಟ್ಟಿ ಬೆಳೆದಿದ್ದು ಊಟಿ. ವೆನ್‌ಲಾಕ್ ಡೌನ್ಸ್ ಅಂತ ಇದೆಯಲ್ಲ, ಸಿನಿಮಾ ಶೂಟಿಂಗ್ ಆಗೋ ಹುಲ್ಲುಬೆಟ್ಟ, ಬ್ರಿಟಿಷರು ಅಲ್ಲಿ ಫಾಕ್ಸ್‌ಹೌಂಡ್ ಸಾಕಿ ಇದೇ ಕೆಂಪು ಕೋಟು ಹಾಕಿ ಇದೇ ಕೊಂಬು ಊದಿ ಬೇಟೆ ಆಡ್ತಿದ್ರು, ಊಟಿ ಹಂಟ್ ಅಂತ. ಇಂಗ್ಲೆಂಡಿನ ಕೆಂಪು ನರಿ ಅಲ್ಲಿ ಎಲ್ಲಿಂದ ಬರ್ಬೇಕು, ಅದಕ್ಕೆ ಜಾಕಲ್ ಹಿಂದೆ ಬೀಳ್ತಿದ್ರು. ಈಗ ಇಂಡಿಯಾದಲ್ಲಿ ಆ ಜಾಕಲ್ಲು, ನಮ್ಮ ಬಯಲಿನ ಗುಳ್ಳೆನರಿ ಎರಡೂ 2022ರ ತಿದ್ದುಪಡಿ ಆದ ಮೇಲೆ ವನ್ಯಜೀವಿ ಕಾಯ್ದೆ ಶೆಡ್ಯೂಲ್ ಒಂದರಲ್ಲಿವೆ, ಅಂದ್ರೆ ಹುಲಿ ಇರೋ ಪಟ್ಟೀಲೇ.

ಹಾಗಂತ ನಾವೇನು ಸಾಚಾ ಅಲ್ಲ. ಸೇಲಂ ಹತ್ರ ವಾಳಪಾಡಿ ಕಡೆ ಪೊಂಗಲ್ ಆದ್ಮೇಲೆ ಬಲೆ ಹಾಕಿ ನರಿ ಹಿಡಿದು, ದೇವಸ್ಥಾನಕ್ಕೆ ತಂದು ಮೆರವಣಿಗೆ ಮಾಡಿ ಬಿಡೋ ಪದ್ಧತಿ ಇದೆ, ವಂಗಾ ನರಿ ಅಂತ, ಮುಖ ನೋಡಿದ್ರೆ ಅದೃಷ್ಟ ಅಂತ. ಅರಣ್ಯ ಇಲಾಖೆ ಕೇಸ್ ಹಾಕುತ್ತೆ, ದಂಡ ಹಾಕುತ್ತೆ, ಊರವರು ಚಂದಾ ಎತ್ತಿ ಕಟ್ಟಿ ಮುಂದಿನ ವರ್ಷ ಮತ್ತೆ. ಕನ್ನಡದಲ್ಲೂ ನರಿ ಮುಖ ನೋಡಿ ಎದ್ದಿದ್ಯಾ ಅಂತೀವಲ್ಲ. ನರಿಗೆ ಮಾತ್ರ ಮನುಷ್ಯನ ಮುಖ ನೋಡಿದ್ದು ಯಾವತ್ತೂ ಒಳ್ಳೇದಾಗಿಲ್ಲ.

ಹಳೇ_ಬ್ರಿಸ್ಟಲಿಗ:

ದಂಡ ಕಟ್ಟಿ ಮತ್ತೆ ಅಂದ್ರಲ್ಲ, ಇಲ್ಲೂ ಅದೇ. 2012ರಲ್ಲಿ ಹೀತ್ರಾಪ್ ಹಂಟ್ ಕೋರ್ಟಲ್ಲಿ ತಪ್ಪೊಪ್ಪಿಕೊಳ್ತು, ಆ ಕೇಸ್ ನಡೆಸೋಕೆ ಪ್ರಾಣಿ ದಯಾ ಸಂಸ್ಥೆ ಆರ್‌ಎಸ್‌ಪಿಸಿಎ ಮೂರು ಲಕ್ಷ ಪೌಂಡ್‌ಗಿಂತ ಜಾಸ್ತಿ ಸುರೀತು, ಬಿದ್ದ ದಂಡ ಅದರ ಮುಂದೆ ಚಿಲ್ಲರೆ. ಅದಕ್ಕೇ ನಾನು ಹೇಳೋದು, ಕಾನೂನನ್ನ ಅರ್ಧ ಬರೆದು ಇಟ್ಟಿದಾರೆ. ಬ್ಯಾನ್ ಬೇಕು ಅಂದವರಿಗೆ ಬ್ಯಾನ್ ಸಿಕ್ತು ಅನ್ನೋ ಸಮಾಧಾನ, ಬೇಡ ಅಂದವರಿಗೆ ಬೇಟೆ ಉಳೀತು. ನನ್ನ ಕೇಳಿದ್ರೆ ಡ್ರ್ಯಾಗ್ ಹಂಟಿಂಗ್ ಮಾಡ್ಲಿ, ಕುದುರೆ, ಕೋಟು, ಪೋರ್ಟ್ ವೈನ್, ಬೆಳಗಿನ ಚಳಿ ಎಲ್ಲಾ ಇರುತ್ತೆ, ನರಿ ಒಂದು ಇರಲ್ಲ. ಹಾಗೆ ಮಾಡಿ ಅಂದ್ರೆ ಒಪ್ಪಲ್ಲ, ಮಜಾ ಇಲ್ಲ ಅಂತಾರೆ. ಮಜಾ ಎಲ್ಲಿದೆ ಅಂತ ಅವರೇ ಒಪ್ಪಿಕೊಂಡ ಹಾಗಾಯ್ತಲ್ಲ.

ದನದ_ಡಾಕ್ಟ್ರು:

ಅಷ್ಟು ಸರಳ ಇಲ್ಲ ಸರ್. ಹೌಂಡ್ಸ್ ವಾಸನೆ ಕಳ್ಕೊಂಡು ಮತ್ತೆ ಹುಡುಕಿ ಬಿಡಿಸ್ತಾವಲ್ಲ, ಅದನ್ನ ನೋಡೋದೇ ಅವರಿಗೆ ಖುಷಿ. ಗಾಳಿ ಯಾವ ಕಡೆ, ನೆಲ ಎಷ್ಟು ಒದ್ದೆ, ಯಾವ ಹೌಂಡ್ ಮಾತು ನಂಬಬಹುದು. ಎಳೆದ ಬಟ್ಟೆ ನೇರ ಹೋಗುತ್ತೆ, ನರಿ ಹೋಗಲ್ಲ, ಅದು ಕುರಿ ಮಂದೆ ಮಧ್ಯೆ ತೂರುತ್ತೆ, ಹಳ್ಳದಲ್ಲಿ ಇಳಿದು ಏಳುತ್ತೆ. ಅರವತ್ತು ವರ್ಷದಿಂದ ಹೋಗ್ತಿರೋ ಒಬ್ಬ ಮುದುಕ ಹೇಳ್ತಿದ್ದ, ನನ್ನ ಜೀವನದಲ್ಲಿ ನರಿ ಸತ್ತಿದ್ದು ನಾನು ನೋಡಿದ್ದು ಬೆರಳೆಣಿಕೆ, ಹೆಚ್ಚಿನವರು ಹಿಂದೆ ಎಲ್ಲೋ ಗೇಟ್ ತೆರೆಯೋಕೆ ಕಾಯ್ತಾ ನಿಂತಿರ್ತಾರೆ ಅಂತ. ನಾನು ಸಮರ್ಥಿಸ್ತಿಲ್ಲ, ಇಷ್ಟೆಲ್ಲಾ ಗೊತ್ತಿದ್ದೂ ನನ್ನ ಓಟು ಬ್ಯಾನ್ ಕಡೆಗೇ. ಆದ್ರೆ ಅವರು ರಕ್ತ ನೋಡೋಕೆ ಹೋಗೋ ರಾಕ್ಷಸರು ಅಂತ ಮಗಳ ಎದುರು ಪಾರ್ಟಿ ಹೇಳಿದ್ರೆ, ಅವಳು ಎದ್ದು ನಿಂತು ಇದನ್ನ ಹೇಳ್ಬಹುದು.

ಬೆಂಗ್ಳೂರ್_ಸಿಲ್ಕ್‌ಬೋರ್ಡ್:

ಜೋಕ್ ಮಾಡೋಕೆ ಬಂದವನು ಪೂರ್ತಿ ಓದ್ಬಿಟ್ಟೆ. ಮಂಜಣ್ಣ ಡಿಬೇಟ್ ಏನಾಯ್ತು ಹೇಳಿ.

ಲೆಸ್ಟರ್_ಮಂಜ:

ಲೇಟಾಗಿ ಬಂದೆ, ಕ್ಷಮಿಸಿ. ಡಿಬೇಟ್ ಮೊನ್ನೆ ಗುರುವಾರ ಆಯ್ತು.

ಡಾಕ್ಟ್ರು ಬರೆದಿದ್ದನ್ನೆಲ್ಲ ನಾನು ಇಂಗ್ಲಿಷಲ್ಲಿ ಹೇಳಿದೆ, ಅವಳು ಬರ್ಕೊಂಡ್ಲು. ಸತ್ತ ದನ ಎತ್ತೋದು, ಗುಂಡು ತಪ್ಪಿದ ನರಿ, ನಾಲ್ಕು ಲಕ್ಷದಲ್ಲಿ ಇಪ್ಪತ್ತೈದು ಸಾವಿರ, ಎಲ್ಲಾ. ಹಿಂದಿನ ದಿನ ರಾತ್ರಿ ಊಟಕ್ಕೆ ಕೂತಾಗ ಕೇಳ್ತಾಳೆ, ಅಪ್ಪ ನಾವು ನೋಡಿದ್ದನ್ನ ನಾನು ಹೇಳ್ಬೇಕಾ ಬೇಡ್ವಾ ಅಂತ. ನಾನಂದೆ, ನಿನ್ನ ಪಕ್ಷ ಬೇಟೆ ಪರ ಅಲ್ವಾ, ಅದು ನಿನಗೆ ವಿರುದ್ಧ ಪಾಯಿಂಟು, ಬಿಡು. ಅವಳು ಸುಮ್ನೆ ಅನ್ನ ಕಲಸ್ತಾ ಕೂತಳು.

ಆಮೇಲೆ ಗೊತ್ತಾಯ್ತು, ಅವಳು ಬೆಳಿಗ್ಗೆ ಬಸ್ಸಲ್ಲೇ ಎದುರು ಪಕ್ಷದ ಫ್ರೆಂಡಿಗೆ ಪೂರ್ತಿ ಕತೆ ಹೇಳಿ ಕೊಟ್ಟುಬಿಟ್ಟಿದಾಳೆ. ಕೆಸರು, ಒದ್ದೆ ಬಾಲ, ಕಾಂಪೋಸ್ಟ್ ಡಬ್ಬ, ಹತ್ತು ನಿಮಿಷ, ಅದೇ ಸಂದಿ. ಆ ಹುಡುಗಿ ಅದನ್ನ ಕೊನೇಲಿ ಇಟ್ಕೊಂಡು ಹೇಳಿದ್ಲಂತೆ. ನನ್ನ ಮಗಳ ಪಕ್ಷ ಮೂರು ಓಟಿಂದ ಸೋಲ್ತು, ಆದ್ರೆ ಬೆಸ್ಟ್ ಸ್ಪೀಕರ್ ಇವಳಿಗೇ ಬಂತು. ಡಾಕ್ಟ್ರೇ ಅದು ನಿಮ್ಮ ಪ್ರೈಜು.

ತೊಂದರೆ ಏನಪ್ಪಾ ಅಂದ್ರೆ ಆ ಕ್ಲಾಸಲ್ಲಿ ಪಕ್ಕದ ಜಮೀನಿನ ರೈತನ ಮೊಮ್ಮಗನೂ ಇದಾನೆ. ಎಲ್ಲಿ ಯಾರ ಹಿತ್ತಲು ಅಂತ ಹುಡುಗಿ ಹೇಳಿಲ್ಲ, ಆದ್ರೆ ನಮ್ಮೂರಲ್ಲಿ ಹೌಂಡ್ಸ್ ನುಗ್ಗಿದ ಹಿತ್ತಲು ಒಂದೇ. ಶನಿವಾರ ನಾನು ಬಾಗಿಲು ಬಡಿಯೋದನ್ನ ಕಾಯ್ತಾನೇ ಇದ್ದೆ. ಬಡೀಲಿಲ್ಲ. ಹನ್ನೊಂದಕ್ಕೆ ಹೊರಗೆ ಹೋಗಿ ನೋಡಿದ್ರೆ ಮೊಟ್ಟೆ ಡಬ್ಬಿ ಗೇಟ್ ಕಂಬದ ಮೇಲೆ ಇತ್ತು. ಹನ್ನೆರಡೇ ಇತ್ತು, ಎಣಿಸಿದೆ.

ಕುರಿಹಟ್ಟಿ_ಕೊಪ್ಪಳ:

ಹನ್ನೆರಡ ಇದ್ವು ಅಂದ್ರ ಸಿಟ್ಟ ಅರ್ಧ ಐತಿ ರೀ. ಚಕ್ಲಿ ತಗೊಂಡ ನೀವ ಹೋಗ್ರಿ ಅವರ ಮನಿಗೆ.

ಲೆಸ್ಟರ್_ಮಂಜ:

ಹೆಂಡತೀನೂ ಅದೇ ಅಂತಿದಾಳೆ. ಎಣ್ಣೆ ಕಾಯ್ತಾ ಇದೆ.